ಕೂಡಿಸಿದ್ದನ್ನು ಬಿಡಿಸುವ ವಿದ್ಯೆ

ಟೊಳ್ಳು ಬಳೆಯೊಳಗೆ ಅಕ್ಕಸಾಲಿಗನು ಅರಗನ್ನು ತುಂಬುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ತೆಳುವಾದ ಚಿನ್ನದ ತಗಡು ನೆಗ್ಗದಿರಲೆಂದು ಮಾಡುವ ಉಪಾಯವದು. ಹತ್ತಿಪ್ಪತ್ತು ವರ್ಷಗಳ ತರುವಾಯ ಅದೇ ಬಳೆ ದುರಸ್ತಿಗೆ ಬಂದಾಗ ಅವನು ಒಳಗಿನ ಅರಗನ್ನು ಉಳಿಯಿಂದ ಕೆತ್ತಲು ಹೋಗುವುದಿಲ್ಲ; ಹೋದರೆ ಅರಗಿಗಿಂತ ಮೊದಲು ಚಿನ್ನವೇ ಹರಿದೀತು. ಹದವರಿತು ಕಾಯಿಸುತ್ತಾನೆ, ಅರಗು ಮೆತ್ತಗಾಗಿ ಹೊರಕ್ಕೆ ಬರುತ್ತದೆ. ಮನುಷ್ಯನ ತೊಡೆಯೆಲುಬಿನೊಳಗೆ ಗಟ್ಟಿಯಾಗಿ ಕುಳಿತ ಸಿಮೆಂಟನ್ನು ತೆಗೆಯುವ ಕಾರ್ಯದಲ್ಲಿ ಪಾಶ್ಚಾತ್ಯ ಶಸ್ತ್ರವೈದ್ಯರು ಇದೇ ಬಗೆಯ ಉಪಾಯವನ್ನು ಕೈಗೊಳ್ಳುವುದಕ್ಕೆ ಸುಮಾರು ಮೂವತ್ತು ವರ್ಷಗಳೇ ಹಿಡಿದುವು. ಅಷ್ಟು ತಡವೇಕಾಯಿತು, ಈಗಲಾದರೂ ಆ ಉಪಾಯಕ್ಕೆ ಸಲ್ಲಬೇಕಾದ ಸ್ಥಾನ ಸಂದಿದೆಯೇ ಎಂಬ ವಿಷಯದಲ್ಲಿ ನಮಗೆ ತೋರಿದ ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಎಲುಬಿನೊಳಗೆ ಸಿಮೆಂಟೇ ಎಂದು ಹುಬ್ಬೇರಿಸಬೇಕಾಗಿಲ್ಲ. ಇದು ಮನೆ ಕಟ್ಟುವ ಸಿಮೆಂಟಲ್ಲ. ವಿಮಾನದ ಕಿಟಕಿಗೂ ಕೃತಕ ದಂತಪಂಕ್ತಿಗೂ ಬಳಕೆಯಾಗುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕೇ ಇದು. ರಸಾಯನಶಾಸ್ತ್ರದಲ್ಲಿ ಇದರ ಹೆಸರು ಪಾಲಿಮಿಥೈಲ್ ಮೆಥಾಕ್ರಿಲೇಟ್. ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಒಂದು ಪುಡಿಯನ್ನೂ ಒಂದು ದ್ರವವನ್ನೂ ಕಲಸುತ್ತಾರೆ. ಮೊದಲು ನೀರಾಗಿ, ಆಮೇಲೆ ರೊಟ್ಟಿಯ ಹಿಟ್ಟಿನ ಹದಕ್ಕೆ ಬಂದು, ಹತ್ತು ಹನ್ನೆರಡು ನಿಮಿಷಗಳೊಳಗೆ ಅದು ಕಲ್ಲಾಗುತ್ತದೆ. ಕಲ್ಲಾಗುವಾಗ ಬಿಸಿಯನ್ನು ಕಕ್ಕುತ್ತದೆ. ಪ್ರಯೋಗಶಾಲೆಯಲ್ಲಿ ಅಳೆದಾಗ ಈ ಶಾಖವು 70 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಸವೆದುಹೋದ ಸೊಂಟದ ಕೀಲನ್ನು ತೆಗೆದು ಲೋಹದ ಕೀಲನ್ನು ಇರಿಸುವಾಗ, ತೊಡೆಯೆಲುಬಿನ ಮಜ್ಜೆಯ ಕೊಳವೆಯನ್ನು ಬರಿದುಮಾಡಿ ಅದರೊಳಗೆ ಈ ಹಿಟ್ಟನ್ನು ಒತ್ತಿ ತುಂಬುತ್ತಾರೆ. ಅದರ ನಡುವೆ ಲೋಹದ ದಂಡವನ್ನು ಇಳಿಸುತ್ತಾರೆ. ಹಿಟ್ಟು ಎಲುಬಿನ ಸಣ್ಣ ಸಣ್ಣ ರಂಧ್ರಗಳೊಳಗೆ ನುಗ್ಗಿ ಬೇರೂರಿದಂತೆ ಹಿಡಿದುಕೊಳ್ಳುತ್ತದೆ.

ಈ ವಿಧಾನವನ್ನು ನೆಲೆಗೊಳಿಸಿದವರು ಇಂಗ್ಲೆಂಡಿನ ಸರ್ ಜಾನ್ ಚಾರ್ನ್ಲಿ. ಮ್ಯಾಂಚೆಸ್ಟರಿನ ದಂತವಸ್ತು ತಜ್ಞ ಡೆನಿಸ್ ಸ್ಮಿತ್ ಅವರ ಸಲಹೆಯಂತೆ ಅವರು 1958ರಲ್ಲಿ ಅಕ್ರಿಲಿಕ್ ಸಿಮೆಂಟನ್ನು ಸೊಂಟದ ಕೀಲಿಗೆ ಬಳಸತೊಡಗಿದರು. ಸಿಮೆಂಟು ಅಂಟಲ್ಲ, ಗಾರೆ ಎಂಬುದು ಅವರು ಒತ್ತಿ ಹೇಳುತ್ತಿದ್ದ ಮಾತಿನ ತಾತ್ಪರ್ಯ. ಅಂಟು ಎರಡು ಮೈಗಳನ್ನು ಬೆಸೆಯುತ್ತದೆ. ಗಾರೆಯಾದರೋ ಸಂದುಗಳನ್ನೆಲ್ಲ ತುಂಬಿ, ದಂಡದ ಮೇಲೆ ಬೀಳುವ ಭಾರವನ್ನು ಎಲುಬಿನ ಉದ್ದಕ್ಕೂ ಹಂಚುತ್ತದೆ. ಇದೇ ಚಾರ್ನ್ಲಿಯವರು ಕೀಲಿನ ಬಟ್ಟಲಿಗೆ ಮೊದಲು ಟೆಫ್ಲಾನನ್ನು ಬಳಸಿ ಕೈ ಸುಟ್ಟುಕೊಂಡರು. ಕೆಲವೇ ವರ್ಷಗಳಲ್ಲಿ ಆ ಬಟ್ಟಲುಗಳು ಸವೆದು, ಸವೆದ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು. ಆ ಪುಡಿಯ ಪರಿಣಾಮವನ್ನು ಅರಿಯಲು ಅವರು ಅದನ್ನು ತಮ್ಮ ತೊಡೆಯಲ್ಲೇ ಸೇರಿಸಿಕೊಂಡು ನೋಡಿದರು. 1962ರ ನವೆಂಬರಿನಿಂದ ಅವರು ಟೆಫ್ಲಾನಿನ ಬದಲು ಗಟ್ಟಿ ಪಾಲಿಥೀನನ್ನು ಬಳಸಿದರು. ಅಲ್ಲಿಂದ ಈ ಶಸ್ತ್ರಕ್ರಿಯೆ ಲೋಕದ ತುಂಬ ಹಬ್ಬಿತು. ಆದರೆ ಟೆಫ್ಲಾನಿನ ಸೋಲಿನಿಂದ ಬಟ್ಟಲು ಕೆಟ್ಟವರಿಗೆಲ್ಲ ಮರಳಿ ಶಸ್ತ್ರಕ್ರಿಯೆ ಬೇಕಾಯಿತೆಂಬುದನ್ನು ಮರೆಯಬಾರದು. ಹಾಕಿದ್ದನ್ನು ತೆಗೆಯುವ ಕೆಲಸ ಈ ವಿದ್ಯೆಯ ಬೆನ್ನಿಗೆ ಅದರ ಹುಟ್ಟಿನಿಂದಲೇ ಬಂದಿದೆ.

ಇಂದಿನ ಕೀಲುಗಳು ಎಷ್ಟು ಕಾಲ ಬಾಳುತ್ತವೆ? 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಹಲವು ದೇಶಗಳ ದಾಖಲೆಗಳನ್ನು ಆಧರಿಸಿದ ಲೆಕ್ಕವನ್ನು ಪ್ರಕಟಿಸಿತು. ಅದರಂತೆ 25 ವರ್ಷಗಳ ಅನಂತರವೂ ಕೆಲಸಮಾಡುವ ಸೊಂಟದ ಕೀಲುಗಳು ನೂರಕ್ಕೆ ಸುಮಾರು 58. ಮೊಣಕಾಲಿನ ಪೂರ್ಣ ಕೀಲುಗಳು ನೂರಕ್ಕೆ ಸುಮಾರು 82. ಮನುಷ್ಯನು ಮಾಡಿದ ಯಂತ್ರವೊಂದು ಜೀವಂತ ದೇಹದೊಳಗೆ, ಎಣ್ಣೆಯಿಲ್ಲದೆ, ದಿನವೂ ಸಾವಿರಾರು ಹೆಜ್ಜೆಗಳ ಭಾರವನ್ನು ಹೊತ್ತು ಇಷ್ಟು ಬಾಳುವುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಎಪ್ಪತ್ತರ ಮುದುಕನಿಗೆ 25 ವರ್ಷವೆಂಬುದು ಒಂದು ಲೆಕ್ಕ, ಐವತ್ತರ ಗೃಹಿಣಿಗೆ ಇನ್ನೊಂದು ಲೆಕ್ಕ. ಕಿರಿಯ ವಯಸ್ಸಿನವರಿಗೂ ಕೀಲು ಹಾಕುವ ಪದ್ಧತಿ ಬೆಳೆದಂತೆಲ್ಲ ಎರಡನೆಯ ಸಲ, ಕೆಲವರಿಗೆ ಮೂರನೆಯ ಸಲವೂ, ಶಸ್ತ್ರಕ್ರಿಯೆ ತಪ್ಪಿದ್ದಲ್ಲ.

ಎರಡನೆಯ ಶಸ್ತ್ರಕ್ರಿಯೆಯ ಕಷ್ಟವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ವಾದದ ತಿರುಳೆಲ್ಲ ಅಲ್ಲಿದೆ. ಸಡಿಲಗೊಂಡ ಲೋಹದ ದಂಡವನ್ನು ಎಳೆದು ತೆಗೆಯುವುದು ಅನೇಕ ಸಂದರ್ಭಗಳಲ್ಲಿ ಸುಲಭ. ಅದು ಹೊರಬಂದ ಮೇಲೆ ಎಲುಬಿನೊಳಗೆ ಸಿಮೆಂಟಿನ ಒಂದು ಕೊಳವೆ ಉಳಿಯುತ್ತದೆ. ದಂಡದ ತುದಿಯ ಕೆಳಗೆ, ತೊಡೆಯ ನಡುಭಾಗದಲ್ಲಿ, ಸಿಮೆಂಟಿನದೇ ಒಂದು ಬಿರಡೆ ಕುಳಿತಿರುತ್ತದೆ. ಬಾಯಿಯಿಂದ ಈ ಬಿರಡೆಗೆ ಒಂದು ಗೇಣಿನಷ್ಟು ಆಳ. ಅಗಲವೋ ಒಂದು ಬೆರಳಿನದು. ಒಳಗೆ ರಕ್ತ ಜಿನುಗುತ್ತಿರುತ್ತದೆ. ಸಿಮೆಂಟಿನ ಬಣ್ಣ ಬಿಳುಪು, ಎಲುಬಿನ ಬಣ್ಣವೂ ಬಿಳುಪು. ಸುತ್ತಲಿನ ಎಲುಬಾದರೂ ಗಟ್ಟಿಯಾಗಿದೆಯೇ ಎಂದರೆ ಅದೂ ಇಲ್ಲ. ಸವೆತದ ಪುಡಿಯನ್ನು ನುಂಗಲು ಬಂದ ಜೀವಕೋಶಗಳ ಚಟುವಟಿಕೆಯಿಂದ ಅದು ಅಲ್ಲಲ್ಲಿ ಕರಗಿ ಮೊಟ್ಟೆಯ ಓಡಿನಂತಾಗಿರುವುದುಂಟು. ಇಂಥ ಬಾವಿಯೊಳಗೆ ಉದ್ದನೆಯ ಉಳಿಯನ್ನಿಳಿಸಿ ಸುತ್ತಿಗೆಯಿಂದ ಬಡಿದು ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಬೇಕು. ಉಳಿ ಒಂದಿಷ್ಟು ವಾಲಿದರೆ ಎಲುಬು ತೂತಾಗುತ್ತದೆ ಅಥವಾ ಸೀಳುತ್ತದೆ. ವೇಗವಾಗಿ ತಿರುಗುವ ಬೈರಿಗೆಯನ್ನು ಬಳಸಿದರೆ ಇನ್ನೊಂದು ತೊಡಕು: ಸಿಮೆಂಟು ಗಡುಸು, ಎಲುಬು ಅದರ ಪಕ್ಕದಲ್ಲಿ ಮೃದು, ಬೈರಿಗೆಯ ಮೊನೆ ಗಡುಸಾದುದರಿಂದ ಜಾರಿ ಮೃದುವಾದುದರೊಳಗೆ ನುಗ್ಗಲು ನೋಡುತ್ತದೆ.

ಇನ್ನು ಕೆಲವು ಶಸ್ತ್ರವೈದ್ಯರು ಎಲುಬಿಗೇ ಒಂದು ಕಿಟಕಿಯನ್ನು ಕೊಯ್ದು, ಇಲ್ಲವೆ ತೊಡೆಯೆಲುಬಿನ ಮೇಲ್ಭಾಗದ ಒಂದು ಪಕ್ಕವನ್ನು ಬಾಗಿಲಿನಂತೆ ಉದ್ದಕ್ಕೆ ತೆರೆದು, ಸಿಮೆಂಟನ್ನು ಕಣ್ಣಾರೆ ಕಂಡು ತೆಗೆದು, ಮತ್ತೆ ಮುಚ್ಚಿ ತಂತಿಯಿಂದ ಬಿಗಿಯುತ್ತಾರೆ. ಇದು ಒಳ್ಳೆಯ ವಿಧಾನವೇ. ಆದರೆ ತೆರೆದ ಬಾಗಿಲು ಮತ್ತೆ ಕೂಡಿಕೊಳ್ಳಬೇಕು. ಅದಕ್ಕೆ ತಿಂಗಳುಗಳು ಬೇಕು. ರೋಗಿ ಅಷ್ಟು ಕಾಲ ಎಚ್ಚರದಿಂದ ಹೆಜ್ಜೆಯಿಡಬೇಕು.

ಈ ಸಂದಿಗ್ಧದಲ್ಲಿ ನೆರವಿಗೆ ಬಂದುದು ಶ್ರವಣಾತೀತ ಕಂಪನ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚಿನ ಕಂಪನಗಳು ನಮ್ಮ ಕಿವಿಗೆ ಕೇಳಿಸುವುದಿಲ್ಲವೆಂದು ಪ್ರೌಢಶಾಲೆಯ ಪಾಠದಲ್ಲೇ ಓದಿರುತ್ತೇವೆ. ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಮೈಯಲ್ಲಿ ವಿದ್ಯುತ್ತು ತೋರುತ್ತದೆಂಬುದನ್ನು 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ ಕಂಡುಹಿಡಿದರು. ಇದನ್ನು ತಿರುಗುಮುರುಗು ಮಾಡಿ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಪಾಲ್ ಲಾಂಜ್ವಿನ್ ಈ ಗುಣವನ್ನು ಜಲಾಂತರ್ಗಾಮಿಗಳ ಪತ್ತೆಗೆ ಉಪಯೋಗಿಸಿದರು. 1950ರ ದಶಕದಲ್ಲಿ ಹಲ್ಲಿನ ವೈದ್ಯರು ಹಲ್ಲಿನ ಗಾರೆಯನ್ನು ಉದುರಿಸಲು ಶ್ರವಣಾತೀತ ಸಲಕರಣೆಯನ್ನು ಹಿಡಿದರು. ನ್ಯೂಯಾರ್ಕಿನ ನೇತ್ರವೈದ್ಯ ಚಾರ್ಲ್ಸ್ ಕೆಲ್ಮನ್ ಅವರಿಗೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕುಳಿತಿದ್ದಾಗ ಇದರಿಂದಲೇ ಒಂದು ಯೋಚನೆ ಹೊಳೆದು, 1967ರಲ್ಲಿ ಕಣ್ಣಿನ ಪೊರೆಯನ್ನು ಒಡೆದು ಹೀರುವ ಶಸ್ತ್ರಕ್ರಿಯೆ ಆರಂಭವಾಯಿತು. ಎಲುಬಿನ ಸಿಮೆಂಟಿನ ಸರದಿ ಬಂದುದು 1980ರ ದಶಕ ಮುಗಿಯುವ ಹೊತ್ತಿಗೆ. ಹಲ್ಲು, ಕಣ್ಣು, ಮೆದುಳುಗಳ ವೈದ್ಯರೆಲ್ಲ ಹಿಡಿದಾದ ಮೇಲೆ ಎಲುಬಿನ ವೈದ್ಯರು ಇದನ್ನು ಹಿಡಿದರು! ಸುತ್ತಿಗೆಯ ಮೇಲೆ ಅವರಿಗಿರುವ ಮಮತೆಯೂ ಇದಕ್ಕೆ ಕಾರಣವಿರಬಹುದೆಂದು ನಾವು ವಿನೋದಕ್ಕೆ ಹೇಳುತ್ತೇವೆ. ಆದರೆ ವಿನೋದದಲ್ಲಿ ಸ್ವಲ್ಪ ಸತ್ಯವೂ ಇರಬಹುದು.

ಸಲಕರಣೆಯ ರಚನೆ ಸರಳ. ಹಿಡಿಯೊಳಗೆ ವಿದ್ಯುತ್ತಿಗೆ ಕಂಪಿಸುವ ಬಿಲ್ಲೆಗಳು. ಅವಕ್ಕೆ ಜೋಡಿಸಿದ ಟೈಟೇನಿಯಮ್ಮಿನ ಸಲಾಕೆ. ಸಲಾಕೆಯ ಕೊನೆಯಲ್ಲಿ ಉಳಿಯಂತೆಯೋ ತೂತುಗಳುಳ್ಳ ಬಿಲ್ಲೆಯಂತೆಯೋ ಇರುವ ತುದಿ. ಕಾಲೇಜಿನ ವಿದ್ಯಾರ್ಥಿಗಳು ಇದರ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಟೈಟೇನಿಯಮ್ಮಿನ ಸಲಾಕೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 5,000 ಮೀಟರು ಸಾಗುತ್ತದೆ. ಕಂಪನಗಳು ಸೆಕೆಂಡಿಗೆ 20,000 ಎಂದಿಟ್ಟುಕೊಂಡರೆ ಅಲೆಯ ಉದ್ದ 25 ಸೆಂಟಿಮೀಟರು, ಅರ್ಧ ಅಲೆ ಹನ್ನೆರಡೂವರೆ ಸೆಂಟಿಮೀಟರು. ಸಲಾಕೆ ಅನುರಣಿಸಬೇಕಾದರೆ ಅದರ ಉದ್ದ ಇಂಥ ಅರ್ಧ ಅಲೆಗಳ ಪೂರ್ಣ ಗುಣಕವಾಗಿರಬೇಕು. ಆದುದರಿಂದ ಆಳಕ್ಕೆ ಹೋಗಬೇಕೆಂದು ಸಲಾಕೆಯನ್ನು ಮನಬಂದಷ್ಟು ಉದ್ದ ಮಾಡುವಂತಿಲ್ಲ. ತುದಿಯ ಚಲನೆ ಬಹಳ ಕಿರಿದು. 50 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ, ಎನ್ನೋಣ. ಆದರೂ ಅದರ ಪರಮವೇಗ ಸೆಕೆಂಡಿಗೆ 6 ಮೀಟರನ್ನು ಮೀರುತ್ತದೆ. ವೇಗೋತ್ಕರ್ಷವಂತೂ ಭೂಮಿಯ ಗುರುತ್ವದ ಸುಮಾರು 80,000 ಪಟ್ಟು! ಕಣ್ಣಿಗೆ ಮಾತ್ರ ತುದಿ ನಿಶ್ಚಲವಾಗಿದ್ದಂತೆಯೇ ತೋರುತ್ತದೆ.

ಈ ತುದಿ ಸಿಮೆಂಟಿಗೆ ಒತ್ತಿದಾಗ ಏನಾಗುತ್ತದೆ? ಅಕ್ರಿಲಿಕ್ಕಿನ ಉದ್ದುದ್ದವಾದ ಅಣುಸರಪಳಿಗಳು ಕಂಪನವನ್ನು ಹಾಗೆಯೇ ಮುಂದಕ್ಕೆ ಬಿಡದೆ ಒಳಗೊಳಗೇ ಉಜ್ಜಾಡಿ ಅದನ್ನು ಶಾಖವಾಗಿ ಮಾರ್ಪಡಿಸುತ್ತವೆ. ಅಕ್ರಿಲಿಕ್ಕು ಶಾಖವನ್ನು ಚೆನ್ನಾಗಿ ಸಾಗಿಸುವ ವಸ್ತುವೂ ಅಲ್ಲ. ಹುಟ್ಟಿದ ಬಿಸಿ ತುದಿಯ ಬಳಿಯಲ್ಲೇ ನಿಲ್ಲುತ್ತದೆ. ಸುಮಾರು 100 ಡಿಗ್ರಿಯ ಹತ್ತಿರ ಅದು ಗಾಜಿನ ಸ್ವಭಾವವನ್ನು ಬಿಟ್ಟು ಮೇಣದಂತಾಗುತ್ತದೆ. ಮೆತ್ತಗಾದ ಸಿಮೆಂಟು ತುದಿಯ ತೂತುಗಳ ಮೂಲಕ ಹಿಂದಕ್ಕೆ ಉಕ್ಕುತ್ತದೆ. ಆಗ ವಿದ್ಯುತ್ತನ್ನು ನಿಲ್ಲಿಸಿದರೆ ಕ್ಷಣಮಾತ್ರದಲ್ಲಿ ಗಟ್ಟಿಯಾಗಿ ತುದಿಗೆ ಕಚ್ಚಿಕೊಳ್ಳುತ್ತದೆ; ಸಲಾಕೆಯನ್ನು ಎಳೆದರೆ ಸಿಮೆಂಟಿನ ಮುದ್ದೆಯೂ ಜೊತೆಗೆ ಬರುತ್ತದೆ. ಎಲುಬು ಹೀಗೆ ಮೆತ್ತಗಾಗುವ ವಸ್ತುವಲ್ಲ. ತುದಿ ಅದಕ್ಕೆ ತಗುಲಿದೊಡನೆ ಕೈಗೆ ಗಟ್ಟಿಯಾದ ತಡೆ ತಿಳಿಯುತ್ತದೆ, ಕಿವಿಗೆ ಕೀರಲು ಸದ್ದು ಕೇಳುತ್ತದೆ. ಶ್ರವಣಾತೀತವಾದುದು ಕೇಳುವುದು ಹೇಗೆಂದು ಕೆಲವರಿಗೆ ಸಂಶಯ ಬರಬಹುದು. ಗಡುಸು ಮೈಯ ಮೇಲೆ ತುದಿ ಕುಪ್ಪಳಿಸುವಾಗ ಮೂಲಕಂಪನಕ್ಕಿಂತ ನಿಧಾನವಾದ ಬೇರೆ ಕಂಪನಗಳು ಹುಟ್ಟುತ್ತವೆ, ಕೇಳುವುದು ಅವು. ಕಣ್ಣು ಹಾಯದ ಬಾವಿಯೊಳಗೆ ಕೆಲಸಮಾಡುವವನಿಗೆ ಈ ಸದ್ದು ದಾರಿತೋರುವ ಕೋಲು.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಲೇಖನ ಮಾರಾಟಗಾರನ ಹಸ್ತಪತ್ರಿಕೆಯಂತಾದೀತು. ಅಕ್ಕಸಾಲಿಗನ ಬಳೆಗೂ ಮನುಷ್ಯನ ಎಲುಬಿಗೂ ಒಂದು ದೊಡ್ಡ ಭೇದವಿದೆ: ಬಳೆಗೆ ಜೀವವಿಲ್ಲ. ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಎಂಬವರು 1983ರಲ್ಲಿ ಪ್ರಕಟಿಸಿದ ಮೊಲಗಳ ಮೇಲಿನ ಪ್ರಯೋಗಗಳಿಂದ, 47 ಡಿಗ್ರಿಯ ಶಾಖ ಒಂದು ನಿಮಿಷ ತಗುಲಿದರೂ ಎಲುಬಿನ ಅಂಗಾಂಶ ಕೆಡುವುದೆಂದು ತಿಳಿದುಬಂತು. ಒಂದು ಕಡೆ ಸಿಮೆಂಟು 100 ಡಿಗ್ರಿಗೆ ಏರಬೇಕು, ನಾಲ್ಕೇ ಮಿಲಿಮೀಟರಿನ ಆಚೆ ಎಲುಬು 47ನ್ನು ದಾಟಬಾರದು! ಆದುದರಿಂದ ತುದಿಯನ್ನು ಒಂದೇ ಕಡೆ ನಿಲ್ಲಿಸಬಾರದು, ಕೆಲವು ಸೆಕೆಂಡುಗಳಿಗೊಮ್ಮೆ ಬಿಡುವು ಕೊಡಬೇಕು, ತಣ್ಣನೆಯ ಉಪ್ಪುನೀರನ್ನು ಹರಿಸುತ್ತಿರಬೇಕು. ತೋಳೆಲುಬಿನಲ್ಲಿ ಅಪಾಯ ಇನ್ನೂ ಹೆಚ್ಚು. ಅದರ ಗೋಡೆ ತೆಳ್ಳಗೆ, ಮುಂಗೈಯನ್ನು ಎತ್ತುವ ನರವು ಅದಕ್ಕೆ ಸುತ್ತಿಕೊಂಡೇ ಹೋಗುತ್ತದೆ. ತೋಳೆಲುಬಿನ ಸಿಮೆಂಟನ್ನು ಈ ಸಲಕರಣೆಯಿಂದ ತೆಗೆದಾಗ ಶಾಖದಿಂದ ಆ ನರಕ್ಕೆ ಏಟುಬಿದ್ದ ಸಂಗತಿ 2005ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಮುಂದೆ ಬಂದ ವೈದ್ಯರಿಗೆ ಎಚ್ಚರಿಕೆ ದೊರೆತದ್ದು ತಮ್ಮ ಕೈಯಲ್ಲಿ ಆದ ಕೇಡನ್ನು ಮುಚ್ಚಿಡದೆ ಅಚ್ಚುಹಾಕಿಸಿದವರಿಂದ.

ಇದೆಲ್ಲವನ್ನು ಬಲ್ಲ ಕೆಲವು ಅನುಭವಿ ಶಸ್ತ್ರವೈದ್ಯರು, ‘ಉಳಿಯೂ ಸುತ್ತಿಗೆಯೂ ನಮ್ಮ ಕೈಗೆ ಪಳಗಿವೆ, ಬೆಲೆಬಾಳುವ ಯಂತ್ರದ ಹಂಗೇಕೆ?’ ಎಂದು ಕೇಳುವುದುಂಟು. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಪಳಗಿದ ಕೈಯ ಉಳಿ ಪಳಗದ ಕೈಯ ಯಂತ್ರಕ್ಕಿಂತ ಮೇಲು. ಆದರೆ ಈ ವಾದದಲ್ಲಿ ಒಂದು ದೋಷವಿದೆ. ಉಳಿಯಿಂದ ಕಲಿಯುವವನು ತಪ್ಪುಮಾಡುತ್ತಲೇ ಕಲಿಯಬೇಕು; ಆ ತಪ್ಪುಗಳು ಯಾರದೋ ತೊಡೆಯೆಲುಬಿನಲ್ಲಿ ಆಗುತ್ತವೆ. ಎಲುಬನ್ನು ಮುಟ್ಟಿದೊಡನೆ ತಾನಾಗಿಯೇ ಕೂಗಿ ಹೇಳುವ ಸಲಕರಣೆಯೊಂದು ಇರುವಾಗ, ಅದನ್ನು ಕೈಗೆ ಕೊಡದೆ ಕಿರಿಯರನ್ನು ಕತ್ತಲೆಯಲ್ಲಿ ಬಡಿಯಲು ಬಿಡುವುದು ಸರಿಯೆಂದು ನಮಗೆ ತೋರದು. ಅದರಲ್ಲೂ ದಂಡದ ಕೆಳಗಿನ ಆ ಬಿರಡೆಯ ವಿಷಯದಲ್ಲಿ ಈ ಸಲಕರಣೆಯ ಮೇಲ್ಮೆಯನ್ನು ಒಪ್ಪಲೇಬೇಕು.

ಆದರೆ ನಮ್ಮ ಮುಖ್ಯವಾದ ಆಕ್ಷೇಪ ಬೇರೆಯೇ ಇದೆ. ಅದು ಉಳಿ ಹಿಡಿದವರ ಮೇಲಲ್ಲ, ಮೊದಲು ಕೂಡಿಸಿದವರ ಮೇಲೆ. ಒಂದು ವಸ್ತುವನ್ನು ದೇಹದೊಳಗೆ ನಿಲ್ಲಿಸುವಾಗ, ಮುಂದೊಂದು ದಿನ ಇದನ್ನು ತೆಗೆಯುವವನು ಏನು ಮಾಡಿಯಾನು ಎಂದು ಯೋಚಿಸಿದವರು ಬಹಳ ಕಡಿಮೆ. ಯೋಚಿಸಿದಲ್ಲೆಲ್ಲ ಎಷ್ಟು ಅನುಕೂಲವಾಗಿದೆ ನೋಡಿ. ಸಿಮೆಂಟಿನ ಪುಡಿಗೆ ಬೇರಿಯಂ ಸಲ್ಫೇಟು ಮೊದಲಾದವನ್ನು ಬೆರೆಸಿದುದರಿಂದ ಅದು ಕ್ಷಕಿರಣದ ಚಿತ್ರದಲ್ಲಿ ಕಾಣುವಂತಾಯಿತು. ಜರ್ಮನಿಯ ಪಾಲಕೋಸ್ ಎಂಬ ಸಿಮೆಂಟಿಗೆ ಎಲೆಯ ಹಸುರಾದ ಕ್ಲೋರೋಫಿಲ್ಲನ್ನು ಸೇರಿಸುತ್ತಾರೆ. ಎಲುಬಿನ ಬಿಳುಪಿನ ನಡುವೆ ಹಸುರು ಬೇರೆಯಾಗಿ ಕಾಣುತ್ತದೆ. ಎಲೆಯ ಬಣ್ಣದ ಒಂದು ಚಿಟಿಕೆಗೆ ಎಷ್ಟು ಬೆಲೆಯಾದೀತು? ಆದರೆ ಇಪ್ಪತ್ತು ವರ್ಷಗಳ ತರುವಾಯ ಬರುವ ಅಪರಿಚಿತ ಶಸ್ತ್ರವೈದ್ಯನಿಗೆ ಅದೊಂದು ದೊಡ್ಡ ಉಪಕಾರ. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ 1970ರಲ್ಲಿ ಬಳಕೆಗೆ ಬಂದ ಕೀಲಿನ ದಂಡವು ಬೆಣೆಯಂತೆ ಕೆಳಕ್ಕೆ ಕಿರಿದಾಗುತ್ತದೆ. ಅದರ ನುಣುಪು ಮೈ ಸಿಮೆಂಟಿಗೆ ಕಚ್ಚಿಕೊಳ್ಳುವುದಿಲ್ಲ. ಆದುದರಿಂದ ಬೇಕಾದಾಗ ಮೇಲಕ್ಕೆ ಎತ್ತಬಹುದು. ಹಳೆಯ ಸಿಮೆಂಟು ಎಲುಬಿಗೆ ಭದ್ರವಾಗಿಯೇ ಇದ್ದರೆ ಅದನ್ನು ತೆಗೆಯದೆ, ಅದರೊಳಗೇ ಹೊಸ ಸಿಮೆಂಟನ್ನು ಸುರಿದು ಹೊಸ ದಂಡವನ್ನು ನಿಲ್ಲಿಸುತ್ತಾರೆ. ಹೊಸದು ಹಳೆಯದರೊಡನೆ ಬೆಸೆದುಕೊಳ್ಳುತ್ತದೆ. ಸಿಮೆಂಟನ್ನು ತೆಗೆಯುವ ಅತ್ಯುತ್ತಮ ವಿಧಾನ, ಸಾಧ್ಯವಾದಲ್ಲಿ, ತೆಗೆಯದಿರುವುದೇ! ಕೀಲಿಗೆ ಸೋಂಕು ತಗುಲಿದಾಗ ಮಾತ್ರ ಈ ಅನುಕೂಲವಿಲ್ಲ. ಸೂಕ್ಷ್ಮಜೀವಿಗಳು ಸಿಮೆಂಟಿನ ಮೈಗೆ ಪಾಚಿಯಂತೆ ಅಂಟಿಕೊಳ್ಳುವುದರಿಂದ ಒಂದು ಚೂರೂ ಉಳಿಯದಂತೆ ತೆಗೆಯಬೇಕು. ಶ್ರವಣಾತೀತ ಸಲಕರಣೆಯ ನಿಜವಾದ ಉಪಯೋಗ ಅಲ್ಲಿ.

ಸಿಮೆಂಟಿಲ್ಲದ ಕೀಲುಗಳು ಬಂದಿವೆಯಲ್ಲ, ಇನ್ನೇಕೆ ಈ ಚಿಂತೆ ಎಂದು ಯಾರಾದರೂ ಕೇಳಬಹುದು. ಅಂಥ ಕೀಲಿನ ಒರಟು ಮೈಯೊಳಕ್ಕೆ ಎಲುಬೇ ಬೆಳೆದು ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸುವುದು ಇನ್ನೂ ಕಷ್ಟ, ಅಲ್ಲಿ ಶ್ರವಣಾತೀತ ಕಂಪನದಿಂದ ಮೆತ್ತಗಾಗುವ ವಸ್ತುವೂ ಇಲ್ಲ. ಮೊಣಕಾಲಿನ ಕೀಲುಗಳಿಗಂತೂ ಇಂದಿಗೂ ಬಹುಮಟ್ಟಿಗೆ ಸಿಮೆಂಟೇ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ 2017ರ ಆಗಸ್ಟಿನಲ್ಲಿ ಸರಕಾರವು ಮೊಣಕಾಲಿನ ಕೃತಕ ಕೀಲುಗಳ ಬೆಲೆಗೆ ಮಿತಿಯನ್ನು ಗೊತ್ತುಮಾಡಿತು. ಎರಡನೆಯ ಶಸ್ತ್ರಕ್ರಿಯೆಯ ಕೀಲುಗಳಿಗೂ ಆ ಆಜ್ಞೆಯಲ್ಲಿ ಬೇರೆ ಮಿತಿ ಇತ್ತು. ಇದು ಸ್ತುತ್ಯವಾದ ಕಾರ್ಯ. ಆದರೆ ಹಾಕುವ ವಸ್ತುವಿನ ಬೆಲೆಯನ್ನು ಇಳಿಸಿದ ಮಾತ್ರಕ್ಕೆ ತೆಗೆಯುವ ಸಾಮರ್ಥ್ಯ ಬೆಳೆಯುವುದಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬೇಕಾಗುವ ಯಂತ್ರವನ್ನು ಪ್ರತಿಯೊಂದು ಆಸ್ಪತ್ರೆಯೂ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ; ಕೊಂಡರೂ ಕೈ ಪಳಗದು. ಪ್ರಾಂತಕ್ಕೊಂದೆರಡು ಕೇಂದ್ರಗಳಲ್ಲಿ ಈ ಕೆಲಸವನ್ನು ಒಟ್ಟುಗೂಡಿಸಿ, ಅಲ್ಲಿ ಯಂತ್ರವನ್ನೂ ತರಬೇತಿಯನ್ನೂ ಏರ್ಪಡಿಸುವುದು ವಿವೇಕವೆಂದು ನಮ್ಮ ಅಭಿಪ್ರಾಯ. ಮೊದಲನೆಯ ಸಲ ಕೀಲು ಹಾಕಿಸಿಕೊಳ್ಳುವವರಿಗೆ ಯಾವ ತಯಾರಕರ ಯಾವ ಅಳತೆಯ ದಂಡ, ಯಾವ ಸಿಮೆಂಟು ತಮ್ಮೊಳಗಿದೆ ಎಂಬ ಒಂದು ಚೀಟಿಯನ್ನು ತಪ್ಪದೆ ಕೊಡಬೇಕು, ಅವರದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಸೈಕಲ್ಲಿನ ರಸೀತಿಯನ್ನು ಹತ್ತು ವರ್ಷ ಕಾಪಾಡುವ ಮನೆಗಳಲ್ಲಿ ಇದು ಅಸಾಧ್ಯವೇನಲ್ಲ.

ಯಂತ್ರಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ತುದಿಯ ಬಳಿಯ ಶಾಖವನ್ನು ಆ ಕ್ಷಣವೇ ಅಳೆದು, 47 ಡಿಗ್ರಿಯ ಗೆರೆ ಹತ್ತಿರವಾದಂತೆ ತಾನೇ ಕಂಪನವನ್ನು ತಗ್ಗಿಸುವ ಸಲಾಕೆಯನ್ನು ರೂಪಿಸುವುದು ಹೇಗೆ? ಅಲೆಯ ಲೆಕ್ಕ ಕೆಡದಂತೆ ಅದಕ್ಕೆ ಉಷ್ಣಮಾಪಕವನ್ನು ಕೂಡಿಸುವುದೆಲ್ಲಿ? ಕಲಿಯುವ ಶಸ್ತ್ರವೈದ್ಯರ ವಿಷಯದಲ್ಲಿಯೂ ಒಂದು ಸೂಚನೆ ಉಂಟು. ಪ್ಲಾಸ್ಟಿಕ್ಕಿನ ಎಲುಬುಗಳ ಸದ್ದು ನಿಜವಾದ ಎಲುಬಿನ ಸದ್ದಾಗದು. ಆದುದರಿಂದ ಕಸಾಯಿಖಾನೆಯಿಂದ ತಂದ ಪ್ರಾಣಿಗಳ ಎಲುಬಿನೊಳಗೆ ಸಿಮೆಂಟನ್ನು ತುಂಬಿ, ಕಲಿಯುವವರ ಕಣ್ಣಿಗೆ ಬಟ್ಟೆ ಕಟ್ಟಿ ಸಲಾಕೆಯನ್ನು ಕೈಗೆ ಕೊಡಬೇಕು. ತುದಿ ಈಗ ಸಿಮೆಂಟಿನಲ್ಲಿದೆಯೋ ಎಲುಬನ್ನು ಮುಟ್ಟಿದೆಯೋ ಎಂದು ಸದ್ದಿನಿಂದಲೂ ಕೈಯ ತಡೆಯಿಂದಲೂ ಅವರು ತಪ್ಪಿಲ್ಲದೆ ಹೇಳುವವರೆಗೆ ಅವರನ್ನು ರೋಗಿಯ ಬಳಿಗೆ ಬಿಡಬಾರದು.